ಕವರಿನಲ್ಲಿ ಮೂರು ಲಕ್ಷ, ಲೆಕ್ಕಕ್ಕೆ ಇಪ್ಪತ್ತೆರಡು ಸಾವಿರ



ಬೆಂಗಳೂರಿನ ಉಪ್ಪಾರಪೇಟೆಯ ಓಣಿಯೊಂದರಲ್ಲಿ, ಒಂದು ಲಾಡ್ಜಿನ ಪಕ್ಕದ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದರೆ ತೆರಿಗೆ ಲೆಕ್ಕ ನೋಡುವ ನನ್ನ ಆಫೀಸು. ಆಫೀಸು ಅಂದರೆ ಎರಡು ಮೇಜು, ಒಂದು ಕಂಪ್ಯೂಟರು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಕಬ್ಬಿಣದ ಬೀರು, ಅಷ್ಟೆ. ಜೂನ್ ಬಂತೆಂದರೆ ಈ ಓಣಿಗೆ ಎರಡು ಥರದ ಜನ ಬರುತ್ತಾರೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಊರಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಕೆಳಗಿನ ಲಾಡ್ಜಿನಲ್ಲಿ ರೂಮು ಹಿಡಿಯುವವರು ಒಂದು ಥರ. ಸೇರಿಸಿಯಾದ ಮೇಲೆ ರಸೀದಿ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತುವವರು ಇನ್ನೊಂದು ಥರ.

ಹೋದ ತಿಂಗಳು ಹತ್ತಿ ಬಂದವರು ಶ್ರೀರಾಂಪುರದವರು. ಸಗಟು ಬಟ್ಟೆ ವ್ಯಾಪಾರದ ಒಂದು ಸಂಸ್ಥೆಯಲ್ಲಿ ಮ್ಯಾನೇಜರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಬೋರಲು ಹಾಕಿ, "ಮಗನ ಕಾಲೇಜಿಗೆ ಸುರಿದದ್ದೆಲ್ಲ ಇದರಲ್ಲಿದೆ ಮೇಡಂ, ಟ್ಯಾಕ್ಸಿನಲ್ಲಿ ಎಷ್ಟು ಬಿಡ್ತಾರೆ ನೋಡಿ" ಅಂದರು. ಇಬ್ಬರೂ ಕೂತು ಕೂಡಿದೆವು. ಕಾಲೇಜಿನ ಬೋಧನಾ ಶುಲ್ಕ 1,12,000. ಅಭಿವೃದ್ಧಿ ಶುಲ್ಕ 25,000. ಪರೀಕ್ಷೆ ಶುಲ್ಕ 8,000. ಹಾಸ್ಟೆಲ್ಲು, ಮೆಸ್ಸು ಸೇರಿ 95,000. ಠೇವಣಿ 10,000. ಲ್ಯಾಪ್‌ಟಾಪು 52,000. ಪುಸ್ತಕ, ಯೂನಿಫಾರಂ 22,000. ಸಿಇಟಿ ಕೋಚಿಂಗಿಗೆ ಕಟ್ಟಿದ್ದು 60,000. ಒಟ್ಟು 3,84,000 ರೂಪಾಯಿ.

ಆದಾಯ ತೆರಿಗೆ ಕಾಯ್ದೆಯ 80ಸಿ ಕಲಮಿಗೆ ಕಾಣುವುದು ಇದರಲ್ಲಿ ಮೊದಲನೆಯದು ಮಾತ್ರ. ಆ ಕಲಮಿನಲ್ಲಿ ಇರುವ ಪದ ಬೋಧನಾ ಶುಲ್ಕ, ಅಂದರೆ ಟ್ಯೂಷನ್ ಫೀ. ಭಾರತದೊಳಗಿನ ಶಾಲೆ, ಕಾಲೇಜು, ವಿಶ್ವವಿದ್ಯಾಲಯಕ್ಕೆ, ಪೂರ್ಣಾವಧಿ ಓದಿಗೆ, ಇಬ್ಬರು ಮಕ್ಕಳವರೆಗೆ ಕಟ್ಟಿದ ಬೋಧನಾ ಶುಲ್ಕ. ನಮ್ಮ ಮನೆಗಳಲ್ಲಿ ಟ್ಯೂಷನ್ ಅಂದರೆ ಸಂಜೆ ಮೇಷ್ಟ್ರ ಮನೆಗೆ ಹೋಗುವ ಪಾಠ. ಕಾನೂನಿನ ಟ್ಯೂಷನ್ನು ಅದಲ್ಲ. ಈ ಒಂದು ಪದ ಮಾಡಿದಷ್ಟು ಗೊಂದಲವನ್ನು ನನ್ನ ಮೇಜಿನ ಮೇಲೆ ಇನ್ನಾವುದೂ ಮಾಡಿಲ್ಲ. ಕೋಚಿಂಗ್ ಸೆಂಟರಿನವರು ಜಿಎಸ್‌ಟಿ ಹಾಕಿ ಎಷ್ಟೇ ಚೆನ್ನಾದ ಬಿಲ್ಲು ಕೊಟ್ಟರೂ ಅದು ಇಲ್ಲಿ ನಡೆಯುವುದಿಲ್ಲ. ಹಾಸ್ಟೆಲ್ಲು, ಬಸ್ಸು, ಪುಸ್ತಕವೂ ನಡೆಯುವುದಿಲ್ಲ. ಅಭಿವೃದ್ಧಿ ಶುಲ್ಕ ಮತ್ತು ಡೊನೇಷನ್ ಸೇರಕೂಡದು ಅಂತ ಕಲಮಿನಲ್ಲೇ ಬಿಡಿಸಿ ಬರೆದಿದ್ದಾರೆ.

ಡೊನೇಷನ್ ಅಂದೊಡನೆ ಕರ್ನಾಟಕದವರು ಸ್ವಲ್ಪ ನಿಲ್ಲಬೇಕಾಗುತ್ತದೆ. ಆ ಪದಕ್ಕೆ ದೇಶದ ಕಾನೂನು ಪುಸ್ತಕಗಳಲ್ಲಿ ಜಾಗ ಕೊಡಿಸಿದವರಲ್ಲಿ ನಾವೂ ಇದ್ದೇವೆ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯ 1984ರಲ್ಲೇ ಮಾಡಿತು. ಅದರಡಿ 1989ರಲ್ಲಿ ಬಂದ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನಿಂದ ತುಮಕೂರಿಗೆ ಓದಲು ಬರಬೇಕೆಂದಿದ್ದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ತೀರ್ಪು ಬಂದದ್ದು ಹಾಗೆ. ಶಿಕ್ಷಣ ನಾಗರಿಕರ ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದಿತು ಕೋರ್ಟು. ಮರುವರ್ಷವೇ ಇನ್ನೊಂದು ತೀರ್ಪು ಅದರ ಹರವನ್ನು ಕಿರಿದು ಮಾಡಿತು. ಆ ಕಥೆ ದೊಡ್ಡದು, ಇಲ್ಲಿ ಬೇಡ. ಕಾನೂನು ಬೇಡವೆಂದ ಹಣ ಇಂದಿಗೂ ಬೇರೆ ಬೇರೆ ಹೆಸರಿನಲ್ಲಿ ಕೈ ಬದಲಾಯಿಸುತ್ತದೆ ಅನ್ನುವುದು ಈ ಓಣಿಯ ಲಾಡ್ಜುಗಳ ಗೋಡೆಗಳಿಗೂ ಗೊತ್ತು. ಕೆಲವರು ಅದಕ್ಕೆ ಟ್ರಸ್ಟಿನ ದೇಣಿಗೆ ರಸೀದಿ ಪಡೆದು, 80ಜಿ ಕಲಮಿನಡಿ ದಾನ ಎಂದು ತೋರಿಸಬಹುದಲ್ಲವೇ ಅನ್ನುತ್ತಾರೆ. ಸೀಟು ಪಡೆದು ಕೊಟ್ಟದ್ದು ದಾನ ಹೇಗಾಗುತ್ತದೆ? ಅಂಥ ರಸೀದಿಯನ್ನು ನಾನು ಮುಟ್ಟುವುದಿಲ್ಲ.

ಮ್ಯಾನೇಜರ ಕವರಿಗೆ ಬರೋಣ. 1,12,000 ಆದರೂ ಉಳಿಯಿತಲ್ಲ ಎಂದು ಅವರು ನಿಟ್ಟುಸಿರು ಬಿಟ್ಟರು. ಅದೂ ಪೂರ್ತಿ ಉಳಿಯಲಿಲ್ಲ. 80ಸಿ ಒಂದೇ ಹುಂಡಿ. 2014ರಿಂದ ಅದರ ಮಿತಿ 1,50,000 ರೂಪಾಯಿ. ಭವಿಷ್ಯನಿಧಿ, ಜೀವವಿಮೆ, ಪಿಪಿಎಫ್, ಮನೆ ಸಾಲದ ಅಸಲು ಎಲ್ಲವೂ ಬೀಳಬೇಕಾದದ್ದು ಅದರೊಳಕ್ಕೇ. ಇವರ ಸಂಬಳದಿಂದ ಪಿಎಫ್‌ಗೆ 90,000 ಆಗಲೇ ಹಿಡಿದಿದ್ದರು. ಎಲ್‌ಐಸಿ ಪ್ರೀಮಿಯಂ 38,000. ಮಿಕ್ಕ ಜಾಗ 22,000. ಅವರಿಗೆ ಅನ್ವಯಿಸುವ ಶೇಕಡ 20ರ ದರದಲ್ಲಿ, ಸೆಸ್ ಸೇರಿ, ಉಳಿತಾಯವಾದ ತೆರಿಗೆ 4,576 ರೂಪಾಯಿ. 3,84,000ಕ್ಕೆ 4,576. ಹೆಂಡತಿಗೂ ತೆರಿಗೆ ಬೀಳುವಷ್ಟು ಆದಾಯವಿದ್ದು, ಶುಲ್ಕವನ್ನು ಆಕೆಯ ಖಾತೆಯಿಂದ ಕಟ್ಟಿದ್ದರೆ ಆಕೆಯ ಹುಂಡಿಯಲ್ಲಿ ಜಾಗ ಸಿಗುತ್ತಿತ್ತು. ಇಬ್ಬರು ಮಕ್ಕಳು ಎಂಬ ಲೆಕ್ಕ ತಂದೆಗೆ ಬೇರೆ, ತಾಯಿಗೆ ಬೇರೆ. ಜುಲೈನಲ್ಲಿ ಹೇಳಿ ಪ್ರಯೋಜನವಿಲ್ಲ, ಕಟ್ಟುವ ದಿನವೇ ಯೋಚಿಸಬೇಕು.

ಸಂಬಳದವರಿಗೆ ಮಕ್ಕಳ ಶಿಕ್ಷಣ ಭತ್ಯೆ ಅಂತ ಇನ್ನೊಂದಿದೆ. 2024-25ರಲ್ಲಿ ತಿಂಗಳಿಗೆ ಒಂದು ಮಗುವಿಗೆ 100 ರೂಪಾಯಿ, ಹಾಸ್ಟೆಲಿಗೆ 300 ರೂಪಾಯಿ, ಇಬ್ಬರು ಮಕ್ಕಳವರೆಗೆ ವಿನಾಯಿತಿ ಇತ್ತು. ಈ ಮೊತ್ತ ಬದಲಾಗಿ ಆಗಲೇ ಕಾಲು ಶತಮಾನಕ್ಕೂ ಮೇಲಾಗಿತ್ತು. ಗಾಂಧಿನಗರದ ಹೋಟೆಲಿನಲ್ಲಿ ಆ ನೂರು ರೂಪಾಯಿಗೆ ಅಪ್ಪ ಮಗ ಇಬ್ಬರೂ ಮಸಾಲೆ ದೋಸೆ ತಿಂದು ಕಾಫಿ ಕುಡಿದು ಬರಲಾಗದು.

ಅವರ ಕವರಿನ ತಳದಲ್ಲಿ ಇನ್ನೊಂದು ಕಾಗದವಿತ್ತು. ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಿರಿಯ ಮಗಳು ಇಂಜಿನಿಯರಿಂಗ್ ಓದಿದ್ದು ಬ್ಯಾಂಕ್ ಸಾಲದಲ್ಲಿ. ಈಗ ಕಂತು ಕಟ್ಟುತ್ತಿರುವವರು ಅಪ್ಪ. ಬ್ಯಾಂಕು ಕೊಟ್ಟ ಬಡ್ಡಿ ಪ್ರಮಾಣಪತ್ರದಲ್ಲಿ ವರ್ಷದ ಬಡ್ಡಿ 1,10,000. ಇದಕ್ಕೆ 80ಇ ಎಂಬ ಬೇರೆಯದೇ ಕಲಮಿದೆ, ಬೇರೆಯದೇ ಹುಂಡಿ. ಅದಕ್ಕೆ ಮುಚ್ಚಳವೇ ಇಲ್ಲ, ಎಷ್ಟು ಬಡ್ಡಿ ಕಟ್ಟಿದಿರೋ ಅಷ್ಟನ್ನೂ ಆದಾಯದಿಂದ ಕಳೆಯಬಹುದು. ಅಸಲಿಗೆ ಮಾತ್ರ ಇಲ್ಲ. ಈ ಕಲಮು ಮೊದಮೊದಲು ತನ್ನ ಸ್ವಂತ ಓದಿಗೆ ಸಾಲ ಮಾಡಿದವನಿಗಷ್ಟೇ ಇತ್ತು. 2007ರಲ್ಲಿ ಗಂಡ ಹೆಂಡತಿ ಮಕ್ಕಳು ಸೇರಿದರು. ವೈದ್ಯಕೀಯ, ಇಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಮುಂತಾದ ಕೆಲವೇ ಓದಿಗೆ ಇದ್ದದ್ದು 2009ರಲ್ಲಿ ಪಿಯುಸಿ ನಂತರದ ಯಾವ ಓದಿಗಾದರೂ ಸರಿ ಅಂತಾಯಿತು. ಪಿಯುಸಿ ನಂತರ ಅನ್ನುವುದನ್ನು ಗಮನಿಸಿ. ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಪಾಲಿಟೆಕ್ನಿಕ್ಕಿಗೋ ಐಟಿಐಗೋ ಹೋಗುವ ಹುಡುಗನ ಸಾಲ ಆ ಮಾತಿನ ಆಚೆಗೆ ಉಳಿಯುತ್ತದೆ. ಬೇಗ ಸಂಪಾದನೆಗೆ ಇಳಿಯಬೇಕಾದ ಮನೆಯ ಮಕ್ಕಳು ಹಿಡಿಯುವ ದಾರಿಯೇ ಅದು.

80ಇಯಲ್ಲಿ ಎಡವುವ ಜಾಗಗಳು ಹಲವು. ಸಾಲ ಬ್ಯಾಂಕಿನದೋ, ಕೇಂದ್ರ ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆಯದೋ, ಮಾನ್ಯತೆ ಪಡೆದ ದತ್ತಿ ಸಂಸ್ಥೆಯದೋ ಆಗಿರಬೇಕು. ಬಳೇಪೇಟೆ, ಚಿಕ್ಕಪೇಟೆಯ ಅಂಗಡಿಯವರು ಮಕ್ಕಳ ಫೀಸಿಗೆ ಚೀಟಿ ಎತ್ತುತ್ತಾರೆ, ಪತ್ತಿನ ಸಹಕಾರ ಸಂಘದಲ್ಲಿ ಸಾಲ ತೆಗೆಯುತ್ತಾರೆ, ಮಾಲೀಕರ ಹತ್ತಿರ ಮುಂಗಡ ಕೇಳುತ್ತಾರೆ, ಹೆಂಡತಿಯ ಬಳೆ ಅಡವಿಡುತ್ತಾರೆ. ಹಣವೆಲ್ಲ ಓದಿಗೇ ಹೋದರೂ ಅದನ್ನು ಓದಿನ ಸಾಲ ಎಂದು ಕಾನೂನು ಒಪ್ಪುವುದಿಲ್ಲ. ಬಳೆ ಅಡವಿಟ್ಟ ಚೀಟಿಯಲ್ಲಿ ಬಂಗಾರದ ತೂಕ ಬರೆದಿರುತ್ತದೆ, ಅದು ಯಾವ ಕಾಲೇಜಿಗೆ ಹೋಯಿತು ಅನ್ನುವುದು ಬರೆದಿರುವುದಿಲ್ಲ.

ಇನ್ನು ಹೆಸರು. ಸಾಲಪತ್ರದಲ್ಲಿ ಅಪ್ಪ ಸಹಸಾಲಗಾರನೋ, ಬರೀ ಜಾಮೀನುದಾರನೋ? ಸಾಲ ಮಗಳೊಬ್ಬಳ ಹೆಸರಿನಲ್ಲಿದ್ದು ಅಪ್ಪ ಬರೀ ಜಾಮೀನು ಹಾಕಿ ಕಂತು ಕಟ್ಟುತ್ತಿದ್ದರೆ, ಕಟ್ಟುವವನು ಸಾಲ ಪಡೆದವನಲ್ಲ, ಸಾಲ ಪಡೆದವಳು ಕಟ್ಟುತ್ತಿಲ್ಲ. ಇಬ್ಬರಿಗೂ ಸಿಗುವುದಿಲ್ಲ. ನಮ್ಮ ಮ್ಯಾನೇಜರು ಸಹಸಾಲಗಾರರಾಗಿದ್ದರು, ಬಚಾವಾದರು. ಮತ್ತೆ, ಎಂಟು ವರ್ಷದ ಗಡಿಯಾರ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷವೂ ಸೇರಿ ಎಂಟು ವರ್ಷ ಮಾತ್ರ ಈ ಕಡಿತ. ಬ್ಯಾಂಕುಗಳು ಸಾಲ ತೀರಿಸಲು 15 ವರ್ಷದವರೆಗೂ ಸಮಯ ಕೊಡುತ್ತವೆ. ಮಗ ಓದುತ್ತಿರುವಾಗಲೇ ಬಡ್ಡಿ ಕಟ್ಟಿಕೊಂಡು ಬಂದರೆ ಸಾಲ ಬೆಳೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಗಡಿಯಾರ ಅಂದೇ ಓಡಲು ಶುರುವಾಗಿರುತ್ತದೆ. ಈಗ ರಿಟರ್ನಿನಲ್ಲಿ ಸಾಲ ಕೊಟ್ಟ ಬ್ಯಾಂಕು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನ, ಬಾಕಿ ಎಲ್ಲವನ್ನೂ ಕೇಳುತ್ತಾರೆ. ಬಾಯಿಲೆಕ್ಕದ ಕಾಲ ಮುಗಿಯಿತು.

ಈಗ ಹೇಳುವುದು ನನಗೆ ಸ್ವಲ್ಪ ಹತ್ತಿರದ ಮಾತು. ನನ್ನನ್ನು ಬಿ.ಕಾಂ. ಓದಿಸಿದವಳು ನಮ್ಮಕ್ಕ. ಅಪ್ಪ ಬೇಗ ಹೋದರು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ನೈಟ್ ಡ್ಯೂಟಿ ಮಾಡಿ ನನ್ನದೂ ತಮ್ಮನದೂ ಫೀಸು ಕಟ್ಟಿದಳು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಯಾವ ಬೀದಿಗೆ ಹೋದರೂ ಇಂಥ ಒಬ್ಬ ಅಕ್ಕ, ಒಬ್ಬ ಅಣ್ಣ, ಒಬ್ಬ ಸೋದರಮಾವ ಸಿಗುತ್ತಾರೆ. ಕಾಯ್ದೆಯಲ್ಲಿ ಇವರು ಸಿಗುವುದಿಲ್ಲ. 80ಸಿಯ ಬೋಧನಾ ಶುಲ್ಕ ತನ್ನ ಮಕ್ಕಳದ್ದಾಗಿರಬೇಕು. 80ಇಯ ಬಡ್ಡಿ ತನ್ನ, ಗಂಡ ಅಥವಾ ಹೆಂಡತಿಯ, ಮಕ್ಕಳ, ಇಲ್ಲವೇ ತಾನು ಕಾನೂನುಬದ್ಧ ಪೋಷಕನಾಗಿರುವ ವಿದ್ಯಾರ್ಥಿಯ ಓದಿನದ್ದಾಗಿರಬೇಕು. ತಮ್ಮನಿಗಾಗಿ ಅಕ್ಕ ತೆಗೆದ ಸಾಲ, ಮೊಮ್ಮಗಳಿಗಾಗಿ ಪಿಂಚಣಿಯ ಅಜ್ಜ ಕಟ್ಟಿದ ಫೀಸು, ಯಾವುದಕ್ಕೂ ಕಡಿತವಿಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ಕಲಮುಗಳನ್ನು ಬರೆದಿದ್ದಾರೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ನನ್ನ ಆಫೀಸಿನಿಂದ ರೈಲ್ವೆ ಸ್ಟೇಷನ್ ಕಡೆ ನಡೆದರೆ ಗುಬ್ಬಿ ತೋಟದಪ್ಪನವರ ಛತ್ರ. ಗುಬ್ಬಿಯಿಂದ ಬಂದು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ಹಣದಲ್ಲಿ ಅವರು ಕಟ್ಟಿಸಿದ ಛತ್ರ ಅದು. ದೂರದ ಊರಿನಿಂದ ಓದಲು ಬಂದ ಹುಡುಗರಿಗೆ ಅವರ ದತ್ತಿಯ ಉಚಿತ ವಿದ್ಯಾರ್ಥಿನಿಲಯವೂ ಬೆಳೆಯಿತು. ಛತ್ರ, ಹಾಸ್ಟೆಲುಗಳಲ್ಲಿ ಜಾಗ ಸಿಗದವರಿಗೆ ಚಾಮರಾಜಪೇಟೆ, ಬಸವನಗುಡಿಯ ಮನೆಗಳಲ್ಲಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಎಂ. ವಿಶ್ವೇಶ್ವರಯ್ಯನವರು ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡಿದ್ದರು. ತೆರಿಗೆ ಕಡಿತ ಎಂಬ ಮಾತೇ ಇಲ್ಲದ ಕಾಲದಲ್ಲಿ ಓದಿನ ಖರ್ಚನ್ನು ಊರು ಹಂಚಿಕೊಂಡ ಬಗೆ ಇದು. ಈ ಹಂಚಿಕೆಯಲ್ಲಿ ಜಾತಿಯ ಬೇಲಿ ಇತ್ತು, ವಾರಾನ್ನದ ಪಂಕ್ತಿಯಲ್ಲಂತೂ ಎದ್ದು ಕಾಣುವಷ್ಟು ಇತ್ತು. ಅದನ್ನು ಮರೆಸಿ ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ನಾನು ಹೇಳಹೊರಟಿದ್ದು ಬೇರೆ. ಇವತ್ತು ನೀವು ನೋಂದಾಯಿತ ದತ್ತಿ ಸಂಸ್ಥೆಯೊಂದರ ಹಾಸ್ಟೆಲಿಗೆ, ಮುಖ ಕಾಣದ ಮಕ್ಕಳಿಗಾಗಿ, ಚೆಕ್ಕಿನಲ್ಲಿ ಹತ್ತು ಸಾವಿರ ಕೊಟ್ಟರೆ ಹಳೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಅದರರ್ಧ ನಿಮ್ಮ ಆದಾಯದಿಂದ ಕಳೆಯುತ್ತಾರೆ. ಅದೇ ಹತ್ತು ಸಾವಿರವನ್ನು ಒಡಹುಟ್ಟಿದ ತಮ್ಮನ ಕಾಲೇಜಿಗೆ ಕಟ್ಟಿದರೆ ಒಂದು ರೂಪಾಯಿಯೂ ಇಲ್ಲ. ತೆರಿಗೆ ಕಾನೂನಿನಲ್ಲಿ ಇದಕ್ಕೆ ಕಾರಣಗಳಿವೆ, ದುರುಪಯೋಗದ ಭಯವಿದೆ, ನಾನೇ ಕಕ್ಷಿದಾರರಿಗೆ ಅವನ್ನು ಒಪ್ಪಿಸುತ್ತೇನೆ. ಒಪ್ಪಿಸುವಾಗ ಅಕ್ಕನ ನೆನಪಾಗುತ್ತದೆ.

ಹಳೆಯ ಪದ್ಧತಿ ಅಂದೆ. ಕೆಲವರು ಕಾಯುತ್ತಿದ್ದದ್ದು ಇದಕ್ಕೇ ಇರಬೇಕು. ಇಲ್ಲಿಯವರೆಗೆ ಹೇಳಿದ 80ಸಿ, 80ಇ, 80ಜಿ, ಶಿಕ್ಷಣ ಭತ್ಯೆ ಎಲ್ಲವೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ನೀವು ಏನೂ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಅಲ್ಲಿ ದರ ಕಮ್ಮಿ, ಈ ಕಡಿತಗಳು ಇಲ್ಲ. ಮ್ಯಾನೇಜರಿಗೆ 2024-25ರ ಸಂಬಳ 9,60,000. ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಬಂದ ತೆರಿಗೆ 40,040 ರೂಪಾಯಿ. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ತುಂಬಿದ 80ಸಿ, ಆರೋಗ್ಯ ವಿಮೆ 25,000, ಮಗಳ ಸಾಲದ ಬಡ್ಡಿ 1,10,000 ಎಲ್ಲ ಕಳೆದು 38,500. ಸ್ವಂತ ಮನೆಯಲ್ಲಿ ಇರುವುದರಿಂದ ಬಾಡಿಗೆ ಭತ್ಯೆಯ ವಿನಾಯಿತಿ ಇಲ್ಲ. ಇಷ್ಟೆಲ್ಲ ಕಾಗದ ಜೋಡಿಸಿ ಗೆದ್ದದ್ದು 1,540 ರೂಪಾಯಿ. ಬಡ್ಡಿಯ ಕಾಗದವನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರೆ ಹಳೆಯ ಪದ್ಧತಿಯಲ್ಲಿ ಸೋಲೇ.

ಅದರ ಮುಂದಿನ ವರ್ಷದ ಲೆಕ್ಕ ಇನ್ನೂ ವಿಚಿತ್ರ. 2025-26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೆ ಒಳಪಡುವ ಆದಾಯಕ್ಕೆ ತೆರಿಗೆಯೇ ಇಲ್ಲ, ಸಂಬಳದವರಿಗೆ ಅದು 12,75,000 ಆದ ಹಾಗೆ. ಮ್ಯಾನೇಜರು ಅಷ್ಟೇ ಸಂಬಳದಲ್ಲಿದ್ದರೆ ಏನೂ ಕಟ್ಟಬೇಕಿಲ್ಲ. ಮಗನ ಫೀಸು, ಮಗಳ ಬಡ್ಡಿ ಎರಡೂ ಅವರ ಜೇಬಿಗೆ ಭಾರವೇ, ತೆರಿಗೆಗೆ ಮಾತ್ರ ಸಂಬಂಧವಿಲ್ಲ. ಅವರಿಗೆ ಇದು ಲಾಭ, ಖುಷಿಯಾದರು. ಶಿಕ್ಷಣಕ್ಕೆಂದು ಇಟ್ಟ ಕಡಿತಗಳು ಮಾತ್ರ ಮಧ್ಯಮ ವರ್ಗದ ಕೈ ಬಿಟ್ಟು ಮೇಲಕ್ಕೆ ಹೋದವು. ವರ್ಷಕ್ಕೆ 20 ಲಕ್ಷ ಸಂಬಳದವರಿಗೆ ಹಳೆಯ ಪದ್ಧತಿ ಗಿಟ್ಟಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 7 ಲಕ್ಷಕ್ಕೂ ಹೆಚ್ಚು ಕಡಿತ ಬೇಕು. ಅಷ್ಟು ಯಾರಿಗಿರುತ್ತದೆ? ಮನೆ ಸಾಲವೂ ಇದ್ದು, ಮಗಳನ್ನು ಹೊರದೇಶಕ್ಕೆ ಕಳಿಸಲು 40 ಲಕ್ಷ ಸಾಲ ತೆಗೆದವರಿಗೆ. ಬಡ್ಡಿ ಶೇಕಡ 11 ಅಂದುಕೊಂಡರೆ ವರ್ಷಕ್ಕೆ 4,40,000. 80ಇಗೆ ಮಿತಿಯೂ ಇಲ್ಲ, ಓದು ಭಾರತದಲ್ಲೇ ಆಗಬೇಕೆಂಬ ನಿಯಮವೂ ಇಲ್ಲ. ತುಮಕೂರಿನ ಕಾಲೇಜಿನ ಫೀಸಿಗೆ ಸಿಗದ ಅನುಕೂಲ ಟೆಕ್ಸಾಸಿನ ಕಾಲೇಜಿನ ಬಡ್ಡಿಗೆ ಸಿಗುತ್ತದೆ.

ಹೊರದೇಶದ ಮಾತಿಗೆ ಒಂದು ಸೂಚನೆ. 2025-26ರಲ್ಲಿ ಸ್ವಂತ ಹಣದಿಂದ ವರ್ಷಕ್ಕೆ 10 ಲಕ್ಷ ಮೀರಿ ಫೀಸು ಕಳಿಸಿದರೆ ಮೀರಿದ ಭಾಗಕ್ಕೆ ಬ್ಯಾಂಕು ಮೂಲದಲ್ಲೇ ಶೇಕಡ 5 ತೆರಿಗೆ, ಅಂದರೆ ಟಿಸಿಎಸ್, ಹಿಡಿಯುತ್ತಿತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಅದೂ ಇಲ್ಲ. ಹಿಡಿದದ್ದು ಹೋದ ಹಣವಲ್ಲ, ರಿಟರ್ನಿನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಲೆಕ್ಕ ಬೇರೆ ಥರ. ಅಲ್ಲಿ ಕಾಲೇಜಿನ ಮೊದಲ ನಾಲ್ಕು ವರ್ಷಕ್ಕೆ ವರ್ಷಕ್ಕೆ 2,500 ಡಾಲರ್‌ವರೆಗೆ ಕೊಡುವ ರಿಯಾಯಿತಿಯನ್ನು ಆದಾಯದಿಂದಲ್ಲ, ತೆರಿಗೆಯಿಂದಲೇ ಕಳೆಯುತ್ತಾರೆ. ಆದಾಯ ಒಂದು ಮಟ್ಟ ದಾಟಿದವರಿಗೆ ಅದು ಸಿಗುವುದಿಲ್ಲ. ಕಳೆಯಲು ತೆರಿಗೆಯೇ ಇಲ್ಲದ ಬಡ ಮನೆಗೂ 1,000 ಡಾಲರ್‌ವರೆಗೆ ಕೈಗೆ ಬರಬಹುದು. ನಮ್ಮಲ್ಲಿ ತೆರಿಗೆ ಇಲ್ಲದವರಿಗೆ ತೆರಿಗೆ ಕಡಿತದ ಮೂಲಕ ಏನೂ ಬರಲು ಸಾಧ್ಯವಿಲ್ಲ. ಅವರಿಗೆ ದಾರಿ ವಿದ್ಯಾರ್ಥಿವೇತನ, ಇಲ್ಲವೇ ಬಡ್ಡಿ ಸಹಾಯಧನ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ವಿದ್ಯಾಸಂಸ್ಥೆಗೆ ಸೇರಿದ್ದು, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ಮುಂಚಿನ ಅವಧಿಯಲ್ಲಿ ಶೇಕಡ 3 ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಓದಿನ ಖರ್ಚಿಗೆಂದು ಸಿಕ್ಕ ವಿದ್ಯಾರ್ಥಿವೇತನಕ್ಕೆ ಎರಡೂ ಪದ್ಧತಿಯಲ್ಲಿ ತೆರಿಗೆ ಇಲ್ಲ.

ದಿನಾಂಕದ ಮಾತು ಹೇಳಿ ಮುಗಿಸುತ್ತೇನೆ. 2024-25ರ ರಿಟರ್ನಿಗೆ, ಆಡಿಟ್ ಇಲ್ಲದವರಿಗೆ, 2025ರ ಸೆಪ್ಟೆಂಬರ್ 16ರವರೆಗೆ ಸಮಯವಿತ್ತು. ಹಳೆಯ ಪದ್ಧತಿ ಬೇಕೆಂದರೆ ಆಯಾ ವರ್ಷದ ಗಡುವಿನೊಳಗೇ ಸಲ್ಲಿಸಬೇಕು, ತಡವಾದರೆ ಹೊಸದೇ ಗತಿ. ಸಂಬಳದವರು ವರ್ಷ ವರ್ಷವೂ ಬದಲಾಯಿಸಿಕೊಳ್ಳಬಹುದು. ಅಂಗಡಿ, ವ್ಯಾಪಾರದವರು ಹಳೆಯದಕ್ಕೆ ಹೋಗಲು 10-ಐಇಎ ಎಂಬ ನಮೂನೆ ತುಂಬಬೇಕು, ಮತ್ತೆ ಹೊಸದಕ್ಕೆ ಬಂದರೆಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ತಂದಿತು. 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ 80ಸಿ ಹೋಗಿ 123, 80ಇ ಹೋಗಿ 129. ಬಾಯಿಪಾಠ ಮಾಡಿದ್ದನ್ನೆಲ್ಲ ಈ ವಯಸ್ಸಿನಲ್ಲಿ ಮರೆತು ಹೊಸದಾಗಿ ಉರು ಹೊಡೆಯಬೇಕು ನಾನು.

ಅಕ್ಕನಿಗೆ ಈಗ ಪಿಂಚಣಿ. ತಮ್ಮನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ, ಫೀಸು ಅತ್ತೆಯದೇ. ಮೊನ್ನೆ ಭಾನುವಾರ ಅವಳ ಮನೆಗೆ ಹೋದಾಗ ರಸೀದಿ ತಂದು ಮುಂದಿಟ್ಟು, "ಇದನ್ನ ತೋರಿಸಬಹುದೇನೆ?" ಅಂದಳು.

"ಇಲ್ಲ ಕಣಕ್ಕ. ಅಣ್ಣತಮ್ಮನ ಮಕ್ಕಳದ್ದು ನಡೆಯಲ್ಲ. ನಿನ್ನ ಪಿಂಚಣಿಗೆ ಹೊಸ ಪದ್ಧತಿಯಲ್ಲಿ ತೆರಿಗೇನೂ ಬೀಳಲ್ಲ."

"ಹೋದ ವರ್ಷವೂ ಹಿಂಗೇ ಅಂದಿದ್ದೆ," ಅಂದು ರಸೀದಿಯನ್ನು ಹಳೆಯವುಗಳ ಜೊತೆ ಸೇರಿಸಿ ಕ್ಲಿಪ್ಪು ಹಾಕಿದಳು.